ಸಂಪಾದಕರ ಉತ್ತರ: ರಜೆಗೆ ಬಂದವರಿಗೂ ಮನೆಯಲ್ಲಿ ಕೆಲಸ ಕೊಡಿ

ಗಣೇಶಪುರದ ತಂಗಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದು ಬರೆದಿದ್ದೀರಿ, ಹಾಕುವುದಿಲ್ಲ. ನಿಮ್ಮ ಮನೆಯವರು ಈಗ ಯಾವ ಪೋಸ್ಟಿನಲ್ಲಿದ್ದಾರೆ ಅನ್ನೋದನ್ನೂ ಬರೆದಿದ್ದೀರಿ. ಅದನ್ನಂತೂ ಅಚ್ಚು ಹಾಕುವುದಿಲ್ಲ. ನೀವೂ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ, ಮಕ್ಕಳ ಫೋಟೋ ಜೊತೆಗೂ ಬೇಡ.

ಉಳಿದ ಓದುಗರಿಗೆ ಪತ್ರದಲ್ಲಿ ಏನಿತ್ತು ಅಂತ ಹೇಳಿಬಿಡುತ್ತೇನೆ. ಈ ತಂಗಿಯ ಗಂಡ ಸೈನ್ಯದಲ್ಲಿ ಹವಾಲ್ದಾರ್. ಈಗ ಫೀಲ್ಡ್ ಪೋಸ್ಟಿಂಗ್, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಇವರು ಬೆಳಗಾವಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗನ ಜೊತೆ ಇದ್ದಾರೆ. ಅತ್ತೆ ರಾಮದುರ್ಗದ ಕಡೆ ಊರಲ್ಲಿ. ಪತ್ರ ಆರು ಪುಟ. ಮೊದಲನೇ ಪುಟ ಪೂರ್ತಿ ನಮ್ಮ ಮೇಲಿನ ಸಿಟ್ಟು, ಅದು ನ್ಯಾಯವಾದ ಸಿಟ್ಟು.

ಕಾರ್ಗಿಲ್ ವಿಜಯ ದಿವಸ ಜುಲೈ 26ಕ್ಕೆ ಬರುತ್ತದೆ ಅಂತ ಜುಲೈ ಸಂಚಿಕೆಯಲ್ಲಿ ಸೈನಿಕರ ಹೆಂಡಂದಿರ ಮಾತುಕತೆ ಹಾಕಿದ್ದೆವು. ಅದಕ್ಕೆ 'ನಮ್ಮೂರ ವೀರನಾರಿಯರು' ಎಂದು ದೊಡ್ಡ ಅಕ್ಷರದಲ್ಲಿ ತಲೆಬರಹ ಕೊಟ್ಟೆವು. ಹೊಗಳಿಕೆಯ ಮಾತು ಅಂತ ಕೊಟ್ಟದ್ದು. ಆದರೆ ಸೈನ್ಯದಲ್ಲಿ ವೀರನಾರಿ ಅಂದರೆ ಹುತಾತ್ಮ ಸೈನಿಕನ ಪತ್ನಿ. ಆ ಪುಟದಲ್ಲಿದ್ದ ಐದೂ ಹೆಣ್ಣುಮಕ್ಕಳ ಗಂಡಂದಿರು ಡ್ಯೂಟಿಯಲ್ಲಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ನಿಮ್ಮ ಅತ್ತೆ ಮೊಮ್ಮಗಳ ಕೈಲಿ ಅದನ್ನು ಓದಿಸಿಕೊಂಡು, ಪಕ್ಕದ ಮನೆಯವರು ಆ ಶಬ್ದದ ಅರ್ಥ ಹೇಳಿದ ಮೇಲೆ, ಅವತ್ತು ರಾತ್ರಿ ಊಟ ಬಿಟ್ಟರು ಎಂದು ಬರೆದಿದ್ದೀರಿ. ಆ ಸಾಲು ಓದಿ ನನಗೆ ಬಹಳ ಹೊತ್ತು ಏನೂ ತೋಚಲಿಲ್ಲ. ನಾನೇ ಸೈನಿಕನ ಮಗಳು, ನನಗೆ ತಿಳಿದಿರಬೇಕಿತ್ತು. ಆ ಐವರಿಗೂ ಫೋನ್ ಮಾಡಿ ಕ್ಷಮೆ ಕೇಳಿದ್ದೇನೆ. ನಿಮ್ಮ ಅತ್ತೆಯವರಲ್ಲಿ ಇಲ್ಲಿ ಕೇಳುತ್ತಿದ್ದೇನೆ. ಈ ಸಾಲನ್ನೂ ಅವರಿಗೆ ಓದಿ ಹೇಳಿ.

ಇನ್ನು ನಿಮ್ಮ ಪ್ರಶ್ನೆ. ಅದನ್ನು ನೀವು ಬರೆದ ಹಾಗೇ ಹಾಕುತ್ತೇನೆ: "ಅಕ್ಕಾರ, ಅವರು ಇಲ್ಲದಾಗ ದಿನಾ ಎಣಸ್ತೀನಿ. ಬಂದ ಮ್ಯಾಲೆ ವಾರ ಆಗೂದ್ರಾಗ ಜಗಳ ಸುರು. ಹೋಗೂ ದಿನ ಟೇಶನ್‌ನ್ಯಾಗ ನಿಂತು ಅಳತೀನಿ. ನಂದ ಏನರ ತಪ್ಪೈತೇನ್ರಿ?"

ಇಲ್ಲ ತಂಗಿ. ಅವರದ್ದೂ ತಪ್ಪಿಲ್ಲ.

ನಮ್ಮೂರು ಬೈಲಹೊಂಗಲದ ಹತ್ತಿರ. ನಾನು ಶಾಲೆಗೆ ಹೋಗುವಾಗ, 1980ರ ದಶಕದಲ್ಲಿ, ನಮ್ಮಪ್ಪನ ವಿಳಾಸ ಅಂದರೆ ನಂಬರ್, ರ್‍ಯಾಂಕ್, ಹೆಸರು, ಪಲಟನ್, ಕೆಳಗೆ 'ಕೇರ್ ಆಫ್ 56 ಎಪಿಒ'. ಅದು ಒಂದು ಊರು ಅಂದುಕೊಂಡಿದ್ದೆ. ಶಾಲೆಯ ನಕಾಶೆಯಲ್ಲಿ ಕಾಶ್ಮೀರದಿಂದ ಶುರು ಮಾಡಿ ಬೆರಳಿಟ್ಟು ಹುಡುಕಿದ್ದೇನೆ. ಎಪಿಒ ಅಂದರೆ ಸೈನ್ಯದ ಅಂಚೆ ಕಚೇರಿ, ಸೈನಿಕ ಎಲ್ಲಿದ್ದಾನೆ ಅಂತ ಲಕೋಟೆ ನೋಡಿದವರಿಗೆ ಗೊತ್ತಾಗಬಾರದು ಅಂತಲೇ ಆ ವಿಳಾಸ ಇರುವುದು ಎಂದು ಆಮೇಲೆ ಮಾಸ್ತರರು ಹೇಳಿದರು. ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ. ಅವಳು ಹೇಳಿದ್ದನ್ನು ನಾನು ಬರೆಯುತ್ತಿದ್ದೆ. ಎಮ್ಮೆ ಕರು ಹಾಕಿದ್ದು, ಹತ್ತಿ ಎಷ್ಟು ಚೀಲ ಆಯಿತು, ಸೊಸೈಟಿ ಸಾಲ ಎಷ್ಟು ಉಳಿಯಿತು, ಎಲ್ಲ ಹೇಳುತ್ತಿದ್ದಳು. ತನ್ನ ಬಗ್ಗೆ ಮಾತ್ರ 'ನಾವೆಲ್ಲ ಆರಾಮ' ಅಷ್ಟೇ. ಅವಳಿಗೆ ತಿಂಗಳುಗಟ್ಟಲೆ ಮೊಣಕಾಲು ನೋವಿತ್ತು. ಒಂದು ಸಲ ನಾನಾಗೇ ಅದನ್ನು ಬರೆದುಬಿಟ್ಟೆ. ಓದಿಸಿಕೊಂಡು ಆ ಸಾಲು ಹೊಡೆದುಹಾಕಿಸಿದಳು. ಕಾಟು ಹೊಡೆದದ್ದು ಕಾಣಿಸುತ್ತದೆ ಅಂತ ಹೊಸ ಅಂತರ್ದೇಶಿ ತರಿಸಿ ಮತ್ತೆ ಬರೆಸಿದಳು.

ಒಂದು ಬೇಸಿಗೆಯಲ್ಲಿ ಅಪ್ಪ ರಜೆಗೆ ಬಂದರು. ಕರಿ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ನಂಬರು. ಟ್ರಂಕಿನ ತುಂಬ ಅಕ್ರೋಟ, ಒಂದು ಉಣ್ಣೆ ಕಂಬಳಿ. ಮೊದಲೆರಡು ದಿನ ಜಾತ್ರೆಯ ಹಾಗೆ ಜನ. ಮೂರನೇ ದಿನ ಅಪ್ಪನಿಗೆ ಸುಮ್ನೆ ಕೂರಲು ಆಗಲಿಲ್ಲ. ಹಿತ್ತಲ ಬಾಗಿಲ ಪಕ್ಕ ಅವ್ವ ಹೇಗೋ ಒಟ್ಟಿದ್ದ ಹತ್ತಿಕಟ್ಟಿಗೆ, ಕುಳ್ಳು ಎಲ್ಲವನ್ನೂ ತೆಗೆದು ದನದ ಕೊಟ್ಟಿಗೆ ಕಡೆ ಸಾಲಾಗಿ, ಬ್ಯಾರಕ್ಕಿನಲ್ಲಿ ಇಟ್ಟ ಹಾಗೆ ಒಟ್ಟಿದರು. ನೋಡಲು ಬಹಳ ಚೆಂದ ಇತ್ತು. ಓಣಿಯವರೆಲ್ಲ ಹೊಗಳಿದರು.

ಮರುದಿನ ಬೆಳಗಿನ ಐದು ಗಂಟೆಗೆ ಕರೆಂಟ್ ಇರಲಿಲ್ಲ. ಅವ್ವ ಎದ್ದು ಒಲೆ ಹಚ್ಚಲು ಹೋದಳು. ಕತ್ತಲಲ್ಲಿ ಅವಳ ಕೈ ತಾನಾಗೇ ಬಾಗಿಲ ಪಕ್ಕದ ಗೋಡೆಗೆ ಹೋಯಿತು. ಅಲ್ಲಿ ಕಟ್ಟಿಗೆ ಇಲ್ಲ, ಬರೀ ಗೋಡೆ. ಅವಳು ಆ ಗೋಡೆಯನ್ನು ಮೇಲೆ ಕೆಳಗೆ ಸವರುತ್ತಾ ನಿಂತುಬಿಟ್ಟಳು. ಆಮೇಲೆ ಅಲ್ಲೇ ಕುಸಿದು ಕೂತು ಅತ್ತಳು. ಸದ್ದಾಗದ ಹಾಗೆ, ಸೆರಗು ಬಾಯಿಗೆ ಒತ್ತಿಕೊಂಡು. ನಾನು ಹಾಸಿಗೆಯಿಂದ ನೋಡುತ್ತಿದ್ದೆ. ಕಟ್ಟಿಗೆಗೆ ಯಾಕೆ ಅಳುತ್ತಾಳೆ ಅಂತ ಆಗ ತಿಳಿಯಲಿಲ್ಲ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ ಅದೇ ಕಟ್ಟಿಗೆ ಇದೆ. ಈ ಸಲ ಅದು ಗ್ಯಾಸ್ ಬುಕ್, ಕರೆಂಟ್ ಬಿಲ್, ಮಗಳ ಟೈಮ್‌ಟೇಬಲ್ ಇಟ್ಟಿದ್ದ ಶೆಲ್ಫ್. ಅವರು ಪ್ರೀತಿಯಿಂದಲೇ ಎಲ್ಲ ಒಪ್ಪ ಮಾಡಿದರು. ನೀವು 'ನನ್ನ ಸಾಮಾನು ಯಾಕ ಮುಟ್ಟಿದ್ರಿ' ಅಂದಿರಿ. ಅವರು 'ಇದು ನನ್ನ ಮನೀನೂ ಹೌದಲ್ಲೋ' ಅಂದರು. ಇಬ್ಬರ ಮಾತೂ ಖರೆ.

ಲೆಕ್ಕ ನೋಡಿ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಪೂರ್ತಿ ಸಿಕ್ಕಿತು ಅಂದುಕೊಂಡರೂ ಉಳಿಯುವುದು 275 ದಿನ. ಅಷ್ಟು ದಿನ ಮನೆಯ ಪ್ರತಿಯೊಂದು ವಸ್ತುವೂ ನಿಮ್ಮ ಒಬ್ಬರ ಕೈಯಳತೆಗೆ ಹೊಂದಿಕೊಂಡಿರುತ್ತದೆ. ರಾತ್ರಿ ಮೂರಕ್ಕೆ ಮಗನಿಗೆ ಜ್ವರ ಏರಿದಾಗ, ಮಗಳನ್ನು ಒಬ್ಬಳೇ ಬಿಡಲಾಗದೆ ಅವಳನ್ನೂ ಎಬ್ಬಿಸಿ, ಮನೆಗೆ ಬೀಗ ಹಾಕಿ, ಜಡಿಮಳೆಯಲ್ಲಿ ಆಟೋ ಹುಡುಕಿ ಮಿಲಿಟರಿ ಆಸ್ಪತ್ರೆಗೆ ಹೋದವರು ನೀವು. ಜ್ವರ ಇಳಿದ ಮೇಲೆಯೇ ಗಂಡನಿಗೆ ಹೇಳಿದಿರಿ. ಅವರೂ ಅಷ್ಟೇ, ಹಿಮ ಬಿದ್ದು ದಾರಿ ಮುಚ್ಚಿದ್ದನ್ನು ದಾರಿ ತೆರೆದ ಮೇಲೆ ಹೇಳಿದರು. ಇಬ್ಬರೂ ಒಬ್ಬರಿಗೊಬ್ಬರು 'ಎಲ್ಲಾ ಆರಾಮ' ಅಂತ ಹೇಳುತ್ತಲೇ ವರ್ಷ ಕಳೆದಿರಿ. ಹಾಗಿರುವಾಗ ಅವರು ಬಂದ ಕೂಡಲೇ ಒಂದೇ ತಾಳಕ್ಕೆ ಮನೆ ನಡೆಯಬೇಕು ಅಂದರೆ ಹೇಗೆ ನಡೆದೀತು?

ನನ್ನ ಮಾತು ಇಷ್ಟೇ. ರಜೆಗೆ ಬಂದವರನ್ನು ನಾವು ಬೀಗರ ಹಾಗೆ ಉಪಚಾರ ಮಾಡುತ್ತೇವೆ. ಶೇಂಗಾ ಹೋಳಿಗೆ, ಎಣ್ಣೆಗಾಯಿ, 'ನೀವು ಕೂತ್ಕೊಳ್ರಿ, ನಾ ಮಾಡ್ತೀನಿ'. ಅವರಿಗೆ ಮನೆಯಲ್ಲಿ ಕೈ ಇಡಲು ಜಾಗವೇ ಇರುವುದಿಲ್ಲ. ಆಗ ಅವರು ಕೈಗೆ ಸಿಕ್ಕಿದ್ದನ್ನು ಸರಿಮಾಡಲು ಹೋಗುತ್ತಾರೆ. ನೀವು ಮಾಡುತ್ತಿರುವ ಕೆಲಸಗಳಲ್ಲಿ ಒಂದನ್ನು ಪೂರ್ತಿ ಅವರಿಗೆ ಬಿಡಿ. ಸಹಾಯಕ್ಕೆ ಕರೆಯಬೇಡಿ, ಬಿಟ್ಟೇ ಬಿಡಿ. ಮಗಳನ್ನು ಕ್ಯಾಂಪಿನ ಶಾಲೆಗೆ ಬಿಟ್ಟು ಕರೆತರುವುದು, ಇಲ್ಲವೇ ಮಗನ ಸ್ನಾನ ಊಟ. ಅವರು ತಪ್ಪು ಮಾಡುತ್ತಾರೆ. ಟಿಫಿನ್ ಮರೆಯುತ್ತಾರೆ. ನೀವು ಬಾಗಿಲಲ್ಲಿ ನಿಂತು ತಿದ್ದಬೇಡಿ.

ನಮ್ಮವ್ವ ಮುಂದಿನ ರಜೆಗೆ ಮಾಡಿದ್ದು ಇದನ್ನೇ. 'ಎಮ್ಮಿ ನಿಮ್ದು' ಅಂದಳು, ಅಷ್ಟೇ. ಮೊದಲ ವಾರ ಎಮ್ಮೆ ಅಪ್ಪನ ಕೈಗೆ ಹಾಲು ಬಿಡಲಿಲ್ಲ. ಒದ್ದು ತಂಬಿಗೆ ಉರುಳಿಸಿತು. ಚಹಾಕ್ಕೆ ಹಾಲಿಲ್ಲದೆ ನಾವೆಲ್ಲ ಬೆಲ್ಲದ ಕರಿ ಚಹಾ ಕುಡಿದೆವು. ಅವ್ವ ಎದ್ದು ಹೋಗಲಿಲ್ಲ. ಅವಳಿಗೆ ಅದು ಎಷ್ಟು ಕಷ್ಟ ಆಗಿರಬೇಕು ಅಂತ ಈಗ ಅನ್ನಿಸುತ್ತದೆ. ಅಪ್ಪ ಹೊರಟ ಮೇಲೆ ಆ ಎಮ್ಮೆ ಎರಡು ದಿನ ಬಾಗಿಲ ಕಡೆಯೇ ನೋಡುತ್ತಿತ್ತು. ಹತ್ತಿಕಟ್ಟಿಗೆಯನ್ನು ಅವರು ಮತ್ತೆ ಮುಟ್ಟಲಿಲ್ಲ.

ಮೊದಲ ಮೂರು ದಿನ ಮಾತ್ರ ಏನೂ ಹೇಳಬೇಡಿ. ಅವರು ಮೇಲಿನ ಪೋಸ್ಟಿನಿಂದ ಇಳಿದು, ದೆಹಲಿಗೆ ಬಂದು, ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಬೆಳಗಾವಿಯಲ್ಲಿ ಇಳಿಯುತ್ತಾರೆ. ರಾತ್ರಿಯೆಲ್ಲ ಸಂತ್ರಿ ಡ್ಯೂಟಿ ಮಾಡಿ ಅಭ್ಯಾಸವಾದವರು ಹಗಲು ಮಲಗುತ್ತಾರೆ, ರಾತ್ರಿ ಎದ್ದು ಓಡಾಡುತ್ತಾರೆ. ಅದು ನಿಮ್ಮ ಮೇಲಿನ ಬೇಸರ ಅಲ್ಲ. ಅತ್ತೆಗೆ ಎಷ್ಟು ದಿನ, ಮದುವೆ ಮುಂಜಿಗೆ ಎಷ್ಟು ದಿನ, ನಿಮಗೆ ಎಷ್ಟು ದಿನ ಅನ್ನೋದನ್ನು ಅವರು ಹೊರಡುವ ಮೊದಲೇ ಫೋನಿನಲ್ಲಿ ಮಾತಾಡಿಕೊಳ್ಳಿ. ಅತ್ತೆಗೆ ಮೊದಲ ಸರದಿ ಕೊಡಿ, ನೀವೂ ಮಕ್ಕಳೂ ಜೊತೆಗೇ ಹೋಗಿ. ಅವರು ಕಾದಿರುವುದೂ ನಿಮ್ಮಷ್ಟೇ ದಿನ.

ಮಗನ ಮಾತು ಓದಿ ನನಗೆ ಕಣ್ಣು ತುಂಬಿತು. ಅಪ್ಪ ಗದರಿಸಿದಾಗ 'ನೀವು ಫೋನಿನೊಳಗ ಹೋಗ್ರಿ' ಅಂದನಂತೆ. ನಿಮ್ಮವರು ಅವತ್ತು ಎದ್ದು ಹೊರಗೆ ಹೋಗಿ ಕತ್ತಲಾಗುವವರೆಗೂ ಬರಲಿಲ್ಲ ಅಂದಿದ್ದೀರಿ. ಮಗುವಿಗೆ ಅಪ್ಪ ಅಂದರೆ ಇಷ್ಟು ದಿನ ಹತ್ತು ನಿಮಿಷದ ನಗುಮುಖ. ಆ ಮುಖ ಗದರಿಸಿದ್ದೇ ಇಲ್ಲ. ಹಾಗಾಗಿ ಹೇಳಿದ್ದು. 'ಅಪ್ಪನ ಹತ್ರ ಹೋಗು' ಅಂತ ದೂಡಬೇಡಿ, ತಾನಾಗೇ ಹೋಗಲಿ. ಇನ್ನೊಂದು ಮಾತು, ಇದನ್ನು ನಾವೆಲ್ಲ ಅಮ್ಮಂದಿರೂ ಮಾಡುತ್ತೇವೆ. ವರ್ಷವಿಡೀ 'ತಡಿ, ಪಪ್ಪಾ ಬರ್ಲಿ, ಹೇಳ್ತೀನಿ' ಅಂತ ಹೆದರಿಸುತ್ತೇವೆ. ಮಗು ಎದುರು ನೋಡುವುದು ಅಪ್ಪನನ್ನೋ ಪೊಲೀಸನನ್ನೋ? ದಯವಿಟ್ಟು ಆ ಒಂದು ಮಾತು ಬಿಟ್ಟುಬಿಡಿ.

ಮಗಳಿಗೆ ಹಿಂದಿ ಸರಾಗ, ಅಜ್ಜಿಯ ಮಾತು ಅರ್ಧ ತಿಳಿಯುವುದಿಲ್ಲ ಎಂದಿದ್ದೀರಿ. ಮೂರು ರಾಜ್ಯದ ಕೇಂದ್ರೀಯ ವಿದ್ಯಾಲಯಗಳಲ್ಲಿ ಓದಿದ ಮಗು, ಅದಕ್ಕೆ ಬೈಯಬೇಡಿ. ಎಳ್ಳ ಅಮಾವಾಸ್ಯೆಗೆ ಊರಿಗೆ ಕಳಿಸಿ. ಅಜ್ಜಿಯ ಜೊತೆ ಹೊಲಕ್ಕೆ ಹೋಗಿ ಚರಗ ಚೆಲ್ಲಲಿ, ಸಜ್ಜೆ ರೊಟ್ಟಿ, ಪುಂಡಿಪಲ್ಯ ಉಣ್ಣಲಿ. ಆ ಶಬ್ದಗಳೆಲ್ಲ ತಾವಾಗೇ ಬಾಯಿಗೆ ಬರುತ್ತವೆ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಇದನ್ನು ಈ ರಜೆಯಲ್ಲೇ ಮಾಡಿ. ನಿಮ್ಮ ಮದುವೆ, ಇಬ್ಬರೂ ಮಕ್ಕಳ ಹುಟ್ಟು ಪಾರ್ಟ್ ಟು ಆರ್ಡರ್ ಆಗಿದೆಯಾ, ಅಂದರೆ ಸೈನ್ಯದ ದಾಖಲೆಗೆ ಅಧಿಕೃತವಾಗಿ ಸೇರಿದೆಯಾ ಎಂದು ಕೇಳಿ. ಸರ್ವೀಸ್ ದಾಖಲೆಯಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ನೋಡಿ. ನಮ್ಮ ಕಡೆ ಇದು ದೊಡ್ಡ ತಾಪತ್ರಯ. ತವರಲ್ಲಿ ಶಾಂತವ್ವ, ಆಧಾರ್‌ನಲ್ಲಿ ಶಾಂತಾ, ಸೈನ್ಯದ ದಾಖಲೆಯಲ್ಲಿ ಶಾಂತಾಬಾಯಿ. ಮೂವರೂ ಒಬ್ಬರೇ ಅಂತ ಸಾಬೀತು ಮಾಡಲು ವರ್ಷಗಟ್ಟಲೆ ಅಲೆದ ತಾಯಂದಿರು ನಮಗೆ ಪತ್ರ ಬರೆದಿದ್ದಾರೆ. ಗಂಡ ಸರ್ವೀಸಿನಲ್ಲಿ ಇರುವಾಗಲೇ ತಿದ್ದಿಸುವುದು ಸುಲಭ. ಬ್ಯಾಂಕ್ ಖಾತೆ ಇಬ್ಬರ ಹೆಸರಲ್ಲಿ ಇರಲಿ.

ಪಕ್ಕದ ಹೊಲದವರು ಬದು ಒತ್ತಿ, ಮೇಲಿಂದ ಕೋರ್ಟಿಗೆ ಹೋಗುತ್ತೇವೆ ಎಂದು ಅತ್ತೆಯನ್ನು ಹೆದರಿಸುತ್ತಿದ್ದಾರೆ ಅಂದಿರಿ. ಹೆದರಬೇಡಿ. ಗಡಿಯಂಥ ಕಡೆ ಡ್ಯೂಟಿಯಲ್ಲಿರುವ ಸೈನಿಕನ ಮೇಲೆ ಅವನಿಲ್ಲದಾಗ ದಾವೆ ನಡೆದು ಅನ್ಯಾಯ ಆಗದಿರಲಿ ಅಂತಲೇ 1925ರ ಒಂದು ಕಾಯ್ದೆ ಇದೆ, ಭಾರತೀಯ ಸೈನಿಕರ ದಾವೆ ಕಾಯ್ದೆ. ನಿಮ್ಮವರು ತಮ್ಮ ಕಮಾಂಡಿಂಗ್ ಆಫೀಸರ್‌ಗೆ ಅರ್ಜಿ ಕೊಟ್ಟರೆ ಅಲ್ಲಿಂದ ನಮ್ಮ ಜಿಲ್ಲಾಧಿಕಾರಿಗಳಿಗೆ ಪತ್ರ ಬರುತ್ತದೆ. ಬೆಳಗಾವಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೂ ಪಹಣಿ ಹಿಡಿದುಕೊಂಡು ಒಮ್ಮೆ ಹೋಗಿ. ಒಬ್ಬರೇ ಹೋಗಲು ಮುಜುಗರ ಆದರೆ ನನಗೆ ಹೇಳಿ, ನಾನು ಜೊತೆಗೆ ಬರುತ್ತೇನೆ.

ನಿಮ್ಮ ಲಕೋಟೆಯಲ್ಲಿ ಮಗಳು ಬರೆದ ಒಂದು ಚೀಟಿಯೂ ಇತ್ತು, ನೀವು ನೋಡಿದ್ದೀರೋ ಇಲ್ಲವೋ. ಅಪ್ಪನಿಗೆ ಕನ್ನಡದಲ್ಲಿ ನಾಲ್ಕು ಸಾಲು. 'ರೊಟ್ಟಿ'ಗೆ ಒಂದು ಒತ್ತು ಕಡಿಮೆ ಇದೆ, ನಾನು ತಿದ್ದಿಲ್ಲ. ನೀವು ಹೂಂ ಅಂದರೆ ಮುಂದಿನ ಸಂಚಿಕೆಯ ಮಕ್ಕಳ ಪುಟದಲ್ಲಿ ಹಾಗೇ ಹಾಕುತ್ತೇವೆ, ಹೆಸರಿಲ್ಲದೆ. ಒಂದು ಪ್ರತಿಯನ್ನು ಅವಳ ಅಪ್ಪನಿಗೂ ಅಂಚೆಯಲ್ಲಿ ಕಳಿಸುತ್ತೇವೆ. ಅವರ ಎಪಿಒ ವಿಳಾಸ ಬರೆದು ಕಳಿಸಿ. 9ರಿಂದ ಶುರುವಾಗುವ ಪಿನ್ ಕೋಡ್ ಮರೆಯಬೇಡಿ.

ನಿಮ್ಮ ಅಕ್ಕ,
ಸಂಪಾದಕಿ