ಹಳೆ ಗಾಡಿಯ ಸೆಲ್ಫ್: ಸೊಲೆನಾಯ್ಡ್ ಕುರಿತ ಪ್ರಶ್ನೆಗಳು

ಪ್ರಶ್ನೆ: ತೋಟದ ಕೆಲಸಕ್ಕಿರುವ ಹಳೆ ಸಿಜೆ-3ಬಿ ಜೀಪಿನಲ್ಲಿ ಕಾಲಲ್ಲಿ ಒತ್ತುವ ಸ್ಟಾರ್ಟರ್ ಸ್ವಿಚ್ ಸುಟ್ಟಿದೆ. ಗಾಡಿಯನ್ನು 6 ವೋಲ್ಟ್‌ನಿಂದ 12ಕ್ಕೆ ಬದಲಿಸಿಯಾಗಿದೆ. ಡ್ಯಾಶ್‌ಬೋರ್ಡಿನಲ್ಲಿ ಬಟನ್ ಇಟ್ಟು ಸೊಲೆನಾಯ್ಡ್ ಹಾಕಬಹುದೇ? ಯಾವುದು ಕೊಳ್ಳಬೇಕು?
– ಸಕಲೇಶಪುರದ ಓದುಗರು

ಉತ್ತರ: ಧಾರಾಳವಾಗಿ ಹಾಕಬಹುದು. ಸೊಲೆನಾಯ್ಡ್ ಎಂದರೆ ಬಟನ್ನಿನ ಸಣ್ಣ ಕರೆಂಟಿನಿಂದ ಸೆಲ್ಫ್ ಮೋಟರಿನ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ನಿಮ್ಮ ಜೀಪಿನ ಸೆಲ್ಫ್ ಮೋಟರ್ ಬೆಂಡಿಕ್ಸ್ ಮಾದರಿಯದ್ದು. ಮೋಟರ್ ತಿರುಗಿದ ರಭಸಕ್ಕೆ ಅದರ ಸಣ್ಣ ಹಲ್ಲುಗಾಲಿ, ಅಂದರೆ ಪಿನಿಯನ್, ತಾನೇ ಮುಂದಕ್ಕೆ ಹೋಗಿ ಎಂಜಿನ್ನಿನ ಫ್ಲೈವೀಲ್ ಹಲ್ಲಿಗೆ ಕಚ್ಚುತ್ತದೆ, ಅದನ್ನು ಯಾರೂ ತಳ್ಳಬೇಕಿಲ್ಲ. ಹಾಗಾಗಿ ನಿಮಗೆ ಬೇಕಿರುವುದು ಮೋಟರಿನ ಬೆನ್ನಿಗೆ ಕೂರುವ, ಪಿನಿಯನ್ ತಳ್ಳುವ ಫೋರ್ಕನ್ನು ಎಳೆಯುವ ಸೊಲೆನಾಯ್ಡ್ ಅಲ್ಲ. ಬಾಡಿಯ ತಗಡಿಗೆ ಬೋಲ್ಟ್ ಮಾಡುವ ಬಿಡಿ ಸೊಲೆನಾಯ್ಡ್ ಸಾಕು. ಅದು ಒಂದು ದೊಡ್ಡ ಸ್ವಿಚ್, ಅಷ್ಟೇ.

ಅಂಗಡಿಯಲ್ಲಿ ನೋಡಲು ಒಂದೇ ಥರ ಇರುವ ಎರಡು ಜಾತಿ ಸಿಗುತ್ತವೆ. ಒಂದು ಸ್ಟಾರ್ಟರಿನದ್ದು, ಇನ್ನೊಂದು ಗಂಟೆಗಟ್ಟಲೆ ಆನ್ ಇರಲು ಮಾಡಿದ್ದು. ಮಲ್ಟಿಮೀಟರ್ ಜೊತೆಗೊಯ್ಯಿರಿ. ಸಣ್ಣ ಟರ್ಮಿನಲ್‌ಗೂ ಕೆಳಗಿನ ಲೋಹದ ಬೇಸ್‌ಗೂ ನಡುವೆ 3ರಿಂದ 5 ಓಮ್ ತೋರಿಸಿದರೆ ಅದು ಸ್ಟಾರ್ಟರಿನದ್ದು. ಹದಿನೈದೋ ಅದಕ್ಕೂ ಹೆಚ್ಚೋ ತೋರಿಸಿದರೆ ವಾಪಸು ಕೊಡಿ. ಬೇಸ್‌ಗೆ ಏನೂ ತೋರಿಸದೆ, ಸಣ್ಣ ಟರ್ಮಿನಲ್‌ಗೂ ಬ್ಯಾಟರಿ ಕೇಬಲ್ ಬಿಗಿಯುವ ದೊಡ್ಡ ಸ್ಟಡ್‌ಗೂ ನಡುವೆ ಓಮ್ ಬಂದರೆ ಅದು ಹಳೆ ಫೋರ್ಡ್ ಪದ್ಧತಿಯದ್ದು, ಅದರಲ್ಲಿ ಬಟನ್ ಒತ್ತಿದರೆ ಒಳಗಿನ ಸುರುಳಿ ತಂತಿಯ ಕಾಯಿಲ್‌ಗೆ ಅರ್ತ್ (ಬ್ಯಾಟರಿಯ ಬಾಡಿ ಕಡೆಯ ಸಂಪರ್ಕ) ಸಿಗಬೇಕು. ಅದಕ್ಕೆ ಪ್ಲಸ್ ವೈರ್ ಕೊಟ್ಟು ಕೂತರೆ ದಿನವಿಡೀ ಒತ್ತಿದರೂ ಸದ್ದಿಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆಯ 6 ವೋಲ್ಟ್ ಸೊಲೆನಾಯ್ಡ್ ಹಾಕುವ ಆಸೆಯೂ ಬೇಡ. 12 ವೋಲ್ಟ್ ಕೊಟ್ಟರೆ ಕಾಯಿಲ್‌ನಲ್ಲಿ ಕರೆಂಟ್ ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು.

ಈಗ ವೈರಿಂಗ್. ಮೊದಲು ಬ್ಯಾಟರಿಯ ಅರ್ತ್ ಕೇಬಲ್ ಬಿಚ್ಚಿಡಿ. ಬ್ಯಾಟರಿಗೆ ಹತ್ತಿರ, ಕೆಸರು ಎರಚದ ಎತ್ತರದಲ್ಲಿ ಸೊಲೆನಾಯ್ಡ್ ಕೂರಿಸಿ. ಬೋಲ್ಟ್ ಬರುವಲ್ಲಿ ಪೇಂಟ್ ಕೆರೆದು ಬೆಳ್ಳಗೆ ತಗಡು ಕಾಣಬೇಕು, ಹಲ್ಲಿನ ವಾಷರ್ ಹಾಕಬೇಕು. ಕಾಯಿಲ್‌ಗೆ ಅರ್ತ್ ಸಿಗುವುದು ಆ ಬೇಸ್ ಮೂಲಕವೇ. ಬ್ಯಾಟರಿಯಿಂದ ಒಂದು ದೊಡ್ಡ ಸ್ಟಡ್‌ಗೆ, ಇನ್ನೊಂದರಿಂದ ಮೋಟರಿಗೆ 35 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಎಳೆಯಿರಿ. ವೆಲ್ಡಿಂಗ್ ಕೇಬಲ್ ಆದರೂ ನಡೆಯುತ್ತದೆ. ಲಗ್‌ಗಳನ್ನು ಕ್ರಿಂಪ್ ಮಾಡಿಸಿ, ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ. ಸಣ್ಣ ಟರ್ಮಿನಲ್‌ಗೆ ಇಗ್ನಿಷನ್ ಸ್ವಿಚ್ಚಿನ ಆನ್ ಕಡೆಯಿಂದ 10 ಆಂಪಿಯರ್ ಫ್ಯೂಸ್, ಅಲ್ಲಿಂದ ಬಟನ್, ಬಟನ್‌ನಿಂದ 2.5 ಚದರ ಮಿಲಿಮೀಟರ್ ವೈರ್. ಕೀ ಆನ್ ಇಲ್ಲದಿದ್ದರೆ ಬಟನ್ ಒತ್ತಿದರೂ ಸೆಲ್ಫ್ ಹೊಡೆಯದು. ಮಕ್ಕಳಿರುವ ಮನೆಯಲ್ಲಿ ಇದು ಒಳ್ಳೆಯದೇ.

ಕಾಲಿನ ಸ್ವಿಚ್ ಬಿಚ್ಚುವಾಗ ಅದರ ಬ್ಯಾಟರಿ ಕಡೆಯ ಸ್ಟಡ್‌ನಲ್ಲಿ ಸಣ್ಣ ವೈರ್‌ಗಳಿವೆಯೇ ನೋಡಿ. ಅಮೀಟರ್, ಲೈಟು, ಡೈನಮೊ ರೆಗ್ಯುಲೇಟರ್ ಎಲ್ಲಕ್ಕೂ ಕರೆಂಟ್ ಅಲ್ಲಿಂದಲೇ ಹೋಗುತ್ತಿರಬಹುದು. ಅವನ್ನು ಹೊಸ ಸೊಲೆನಾಯ್ಡಿನಲ್ಲೂ ಬ್ಯಾಟರಿ ಕಡೆಗೇ ಹಾಕಬೇಕು. ಮೋಟರ್ ಕಡೆಗೆ ಸೇರಿಸಿಬಿಟ್ಟರೆ ಇಡೀ ಗಾಡಿ ಸತ್ತಂತೆ ಬಿದ್ದಿರುತ್ತದೆ.

ನಟ್ಟು ಬಿಗಿಯುವಾಗ ಕೆಳಗಿನ ನಟ್ಟನ್ನು ಒಂದು ಪಾನಾದಲ್ಲಿ ಹಿಡಿದು ಮೇಲಿನದನ್ನು ಇನ್ನೊಂದರಲ್ಲಿ ತಿರುಗಿಸಿ. ಸ್ಟಡ್ ತಾಮ್ರದ್ದು; ಅದೂ ಜೊತೆಗೆ ತಿರುಗಿದರೆ ಒಳಗಿನ ಕಾಂಟ್ಯಾಕ್ಟ್ ಓರೆಯಾಗಿ ಹೊಸ ಪಾರ್ಟೇ ಗುಜರಿಗೆ. 5/16 ಇಂಚಿನ ಸ್ಟಡ್‌ಗೆ 8 ಮಿಲಿಮೀಟರ್ ನಟ್ಟು ಒಂದೆರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ, ಬಲ ಹಾಕಬೇಡಿ.

ಮೋಟರ್ ಇನ್ನೂ 6 ವೋಲ್ಟಿನದ್ದೇ ಆಗಿದ್ದರೆ 12 ವೋಲ್ಟಿಗೆ ಜೋರಾಗಿ ತಿರುಗಿ ಪಿನಿಯನ್ ಫ್ಲೈವೀಲಿಗೆ ಬಡಿಯುತ್ತದೆ. ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ.

ಪ್ರಶ್ನೆ: ತಂದ ಸೊಲೆನಾಯ್ಡಿನಲ್ಲಿ ಎರಡು ಸಣ್ಣ ಟರ್ಮಿನಲ್ ಇವೆ: ಎಸ್ ಮತ್ತು ಐ. ಐ ಎಲ್ಲಿಗೆ?
– ತೀರ್ಥಹಳ್ಳಿ

ಉತ್ತರ: ಎಸ್ ಬಟನ್‌ಗೆ. ಐ ಇರುವುದು ಇಗ್ನಿಷನ್ ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ಬ್ಯಾಲೆಸ್ಟ್ ರೆಸಿಸ್ಟರ್ ಇರುವ ಗಾಡಿಗಳಿಗೆ: ಸೆಲ್ಫ್ ಹೊಡೆಯುವಷ್ಟು ಹೊತ್ತು ಇಗ್ನಿಷನ್ ಕಾಯಿಲ್‌ಗೆ ಬ್ಯಾಟರಿಯ ಕರೆಂಟ್ ನೇರ ಸಿಗಲೆಂದು. ಬ್ಯಾಲೆಸ್ಟ್ ಇಲ್ಲದಿದ್ದರೆ ಐ ಖಾಲಿ ಬಿಟ್ಟು ರಬ್ಬರ್ ಟೋಪಿ ಹಾಕಿ. ಅರ್ತ್ ಇರಬೇಕೆಂದು ಊಹಿಸಿ ಬಾಡಿಯ ತಗಡಿಗೆ ಜೋಡಿಸಿದರೆ, ಬಟನ್ ಒತ್ತಿದ ಕ್ಷಣಕ್ಕೆ ಬ್ಯಾಟರಿ ನೇರ ಶಾರ್ಟ್, ವೈರ್ ಹೊಗೆಯಾಡುತ್ತದೆ.

ಪ್ರಶ್ನೆ: ಹಳೆ ಅಂಬಾಸಿಡರ್. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್. ಸೊಲೆನಾಯ್ಡ್ ಎರಡು ಸಲ ಬದಲಿಸಿದರೂ ಹಾಗೇ.
– ಮೈಸೂರು

ಉತ್ತರ: ಮೂರನೆಯದು ಕೊಳ್ಳಬೇಡಿ. ಟಕ್ ಟಕ್ ಟಕ್ ಎಂದು ಸಾಲಾಗಿ ಬಡಿದುಕೊಂಡರೆ ಸೊಲೆನಾಯ್ಡ್ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಅದು ಕಚ್ಚಿದ ಕೂಡಲೇ ಮೋಟರ್ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕಾಯಿಲ್ ಕೈಬಿಡುತ್ತದೆ, ವೋಲ್ಟೇಜ್ ಏರುತ್ತದೆ, ಮತ್ತೆ ಕಚ್ಚುತ್ತದೆ. ಬ್ಯಾಟರಿ ಬಡವಾಗಿದೆ, ಇಲ್ಲವೇ ಕೇಬಲ್ಲೋ ಅರ್ತಿಂಗೋ ಕೆಟ್ಟಿದೆ. ಹೀಗೇ ಬಡಿಯಲು ಬಿಟ್ಟರೆ ಕಿಡಿ ಹಾರಿ ಒಳ್ಳೆಯ ಕಾಂಟ್ಯಾಕ್ಟೂ ಹಾಳಾಗುತ್ತದೆ.

ಇಗ್ನಿಷನ್ ಕಾಯಿಲ್‌ನ ವೈರ್ ಬಿಚ್ಚಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗಲೇ ಮೀಟರ್ ಹಿಡಿಯಿರಿ. ಸೊಲೆನಾಯ್ಡಿನ ಎರಡು ದೊಡ್ಡ ಸ್ಟಡ್ ನಡುವೆ 0.2 ವೋಲ್ಟ್ ದಾಟಬಾರದು. ದಾಟಿದರೆ ಮಾತ್ರ ತಪ್ಪು ಸೊಲೆನಾಯ್ಡಿನದು. ಆಮೇಲೆ ಬ್ಯಾಟರಿಯ ಅರ್ತ್ ಕಂಬಕ್ಕೂ ಎಂಜಿನ್ನಿನ ಖಾಲಿ ಲೋಹಕ್ಕೂ ನಡುವೆ: ಅಲ್ಲಿಯೂ 0.2–0.3ರೊಳಗೆ. ಹೆಚ್ಚಿದ್ದರೆ ಎಂಜಿನ್ನಿನಿಂದ ಚಾಸಿಗೆ ಹೋಗುವ ಜಡೆಯಂಥ ಅರ್ತ್ ಪಟ್ಟಿ ನೋಡಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಆ ಪಟ್ಟಿ ತುಕ್ಕು ಹಿಡಿದರೆ ಕರೆಂಟ್ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸು ಬರುತ್ತದೆ. ಕೇಬಲ್ ಬಿಸಿಯಾಗಿದ್ದರೆ ಇದೇ ಕಾರಣ. 150 ಆಂಪಿಯರ್ ಹರಿಯುವ ದಾರಿಯಲ್ಲಿ ಬರೀ 0.01 ಓಮ್ ತುಕ್ಕು ಕೂತರೂ ಒಂದೂವರೆ ವೋಲ್ಟ್ ಅಲ್ಲೇ ಹೋಯಿತು.

ಪ್ರಶ್ನೆ: ನಮ್ಮ ಗಾಡಿ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ಕಡೆಯನ್ನೇ ಬಾಡಿಯ ತಗಡಿಗೆ ಜೋಡಿಸಿದ್ದು. ಅದಕ್ಕೆ ಬೇರೆ ಥರದ ಸೊಲೆನಾಯ್ಡ್ ಬೇಕೇ?
– ಧಾರವಾಡ

ಉತ್ತರ: ಬೇಡ. ಕಾಯಿಲ್‌ಗೂ ಕಾಂಟ್ಯಾಕ್ಟ್‌ಗೂ ಪ್ಲಸ್ ಮೈನಸ್ ಭೇದವಿಲ್ಲ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇದ್ದರೆ ಮಾತ್ರ ಅದರ ದಿಕ್ಕು ನೋಡಿ.

ಪ್ರಶ್ನೆ: ಬಟನ್ ಬಿಟ್ಟರೂ ಮೋಟರ್ ತಿರುಗುತ್ತಲೇ ಇತ್ತು, ಕೀ ತೆಗೆದರೂ ನಿಲ್ಲಲಿಲ್ಲ. ಇನ್ನೊಮ್ಮೆ ಮೋಟರ್ ಗಪ್ಪನೆ ಸಿಕ್ಕಿಕೊಂಡಿತು.
– ಚಿಕ್ಕಮಗಳೂರು

ಉತ್ತರ: ಎರಡೂ ಬೇರೆ ರೋಗ. ಮೊದಲನೆಯದರಲ್ಲಿ ಕಾಂಟ್ಯಾಕ್ಟ್ ಕರಗಿ ಬೆಸುಗೆಯಾಗಿದೆ. ಕೀಗೂ ಅದಕ್ಕೂ ಈಗ ಸಂಬಂಧವಿಲ್ಲ, ಬ್ಯಾಟರಿ ಕೇಬಲ್ ಕಿತ್ತರಷ್ಟೇ ನಿಲ್ಲುತ್ತದೆ. ಸುತ್ತಿಗೆಯಲ್ಲಿ ತಟ್ಟಿ ಬಿಡಿಸಿದ ಸೊಲೆನಾಯ್ಡನ್ನು ಮತ್ತೆ ನಂಬಬೇಡಿ, ಬದಲಿಸಿ. ಹೊಸದು ಹಾಕುವ ಮುನ್ನ ಮೇಲೆ ಹೇಳಿದಂತೆ ಬ್ಯಾಟರಿ, ಕೇಬಲ್ ಪರೀಕ್ಷಿಸಿ. ಬ್ಯಾಟರಿ ಕಟ್ ಮಾಡುವ ಸ್ವಿಚ್ ಒಂದನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳಿ.

ಎರಡನೆಯದು ಬೆಂಡಿಕ್ಸ್ ಪಿನಿಯನ್ ಫ್ಲೈವೀಲ್ ಹಲ್ಲಿನಲ್ಲಿ ಕಚ್ಚಿಕೊಂಡಿದ್ದು. ಕೀ ಆಫ್ ಮಾಡಿ, ಟಾಪ್ ಗೇರ್ ಹಾಕಿ, ಗಾಡಿಯನ್ನು ಹಿಂದೆ ಮುಂದೆ ತೂಗಿದರೆ ಬಿಟ್ಟುಕೊಳ್ಳುತ್ತದೆ. ಅನೇಕ ಲೂಕಾಸ್ ಮೋಟರುಗಳಲ್ಲಿ ಶಾಫ್ಟಿನ ತುದಿ ಚೌಕಾಕಾರ ಇರುತ್ತದೆ, ಅಲ್ಲಿಗೆ ಪಾನಾ ಹಾಕಿಯೂ ತಿರುಗಿಸಬಹುದು. ಪದೇ ಪದೇ ಹೀಗಾದರೆ ಮೋಟರ್ ಇಳಿಸಿ ಬೆಂಡಿಕ್ಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಾಕಿ. ಅದಕ್ಕೆ ಗ್ರೀಸ್ ಹಚ್ಚಬೇಡಿ. ಕ್ಲಚ್ಚಿನ ಧೂಳು ಅಂಟಿ ಒಂದೇ ತಿಂಗಳಲ್ಲಿ ಮತ್ತೆ ಕಚ್ಚಿಕೊಳ್ಳುತ್ತದೆ.