ರಿಯಾಕ್ಟ್ ಆಮೇಲೆ ಕಲಿಯಿರಿ, ಮೊದಲು ಹೋಂಸ್ಟೇ ಪುಟ ಮಾಡಿ

ಪ್ರಶ್ನೆ: ನಮ್ಮ ಊರು ಸೋಮವಾರಪೇಟೆ ಹತ್ತಿರ. ಬಿ.ಕಾಂ. ಮುಗಿಸಿ ಒಂದು ವರ್ಷ ಆಯ್ತು. ಮನೆಯಲ್ಲಿ ಸಣ್ಣ ಕಾಫಿ ತೋಟ, ಎರಡು ರೂಮಿನ ಹೋಂಸ್ಟೇ ಇದೆ. ವೆಬ್ ಡೆವಲಪ್‌ಮೆಂಟ್ ಕಲಿಯುವ ಆಸೆ. ಒಬ್ಬರು ರಿಯಾಕ್ಟ್ ಕಲಿ ಅಂತಾರೆ, ಇನ್ನೊಬ್ಬರು ಆಂಗ್ಯುಲರ್, ಮತ್ತೊಬ್ಬರು ಪೈಥಾನ್. ಬೆಂಗಳೂರಿನ ಒಂದು ಕೋಚಿಂಗ್ ಸೆಂಟರ್ ಆರು ತಿಂಗಳ ಫುಲ್ ಸ್ಟ್ಯಾಕ್ (ಕಾಣುವ ಪುಟ, ಹಿಂದಿನ ಸರ್ವರ್ ಎರಡೂ ಕಲಿಸುವ) ಕೋರ್ಸಿಗೆ 80 ಸಾವಿರ ಕೇಳುತ್ತಿದೆ. ಸೇರಲೇ? ಮಳೆಗಾಲದಲ್ಲಿ ಇಲ್ಲಿ ಕರೆಂಟ್, ನೆಟ್ ಎರಡೂ ನಂಬುವ ಹಾಗಿಲ್ಲ.

ಉತ್ತರ: ದುಡ್ಡು ಈಗಲೇ ಕಟ್ಟಬೇಡಿ. ಮೊದಲ ನಾಲ್ಕು ತಿಂಗಳು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಈ ಮೂರೇ ಸಾಕು. ಮೊದಲನೆಯದು ಪುಟದ ವಿಷಯ ಜೋಡಿಸುತ್ತದೆ, ಎರಡನೆಯದು ಅಂದ ಕೊಡುತ್ತದೆ, ಮೂರನೆಯದು ಪುಟ ಕೆಲಸ ಮಾಡುವಂತೆ ಮಾಡುತ್ತದೆ. ನಿಮಗೆ ಹೇಳಿದ ಹೆಸರುಗಳಲ್ಲಿ ಇವು ಇಲ್ಲವೇ ಇಲ್ಲ, ಅಲ್ವಾ?

ರಿಯಾಕ್ಟ್, ಆಂಗ್ಯುಲರ್ ಎರಡೂ ಜಾವಾಸ್ಕ್ರಿಪ್ಟ್ ಮೇಲೆ ಕಟ್ಟಿದ ಸಿದ್ಧ ಸಲಕರಣೆಗಳು. ಆಂಗ್ಯುಲರ್‌ನ ಹಳೆಯ ರೂಪ ಆಂಗ್ಯುಲರ್‌ಜೆಎಸ್ 2010ರಲ್ಲಿ ಬಂತು. 2016ರಲ್ಲಿ ಗೂಗಲ್ ಅದನ್ನು ಬುಡದಿಂದ ಬೇರೆಯಾಗಿ ಬರೆದು ಆಂಗ್ಯುಲರ್ ಎಂದಿತು. 2021ರ ಕೊನೆಗೆ ಹಳೆಯದಕ್ಕೆ ಬೆಂಬಲವೂ ನಿಂತಿತು. ವೆಬ್ ಪುಟದಲ್ಲಿ ಅನಿಮೇಷನ್, ಆಟ ಮಾಡುವ ಫ್ಲ್ಯಾಶ್ ಅನ್ನು ನಾನು ಎರಡು ವರ್ಷ ಕೂತು ಕಲಿತಿದ್ದೆ. 2020ರ ಕೊನೆಗೆ ಅಡೋಬಿ ಅದನ್ನೂ ಮುಗಿಸಿತು. ಆಗ ಜೊತೆಯಲ್ಲೇ ಕಲಿತ ಜಾವಾಸ್ಕ್ರಿಪ್ಟ್ ಹುಟ್ಟಿದ್ದು 1995ರಲ್ಲಿ, ಇವತ್ತಿಗೂ ನನಗೆ ಅನ್ನ ಹಾಕುತ್ತಿದೆ. ಸೊರಗು ರೋಗಕ್ಕೆ ಮೆಣಸಿನ ಬಳ್ಳಿ ಹೋದರೂ ಮರ ಇದ್ದರೆ ಮತ್ತೊಂದು ಬಳ್ಳಿ ಹಬ್ಬಿಸುತ್ತೀರಿ. ಇದೂ ಹಾಗೇ, ಜಾವಾಸ್ಕ್ರಿಪ್ಟ್ ಮರ, ಉಳಿದವು ಬಳ್ಳಿ.

ಸುಮ್ನೆ ವಿಡಿಯೋ ನೋಡುತ್ತಾ ಕೂರಬೇಡಿ. ನಿಮ್ಮ ಹೋಂಸ್ಟೇಗೆ ಒಂದು ಪುಟ ಮಾಡಿ. ರೂಮು, ಬಾಡಿಗೆ, ಬರುವ ದಾರಿ, ಬುಕಿಂಗ್ ಫಾರಂ ಇದ್ದರೆ ಸಾಕು. ಫಾರಂನಲ್ಲಿ ದೊಡ್ಡವರು 2, ಮಕ್ಕಳು 1 ಅಂತ ತುಂಬಿ ಕೂಡಿಸಿ ನೋಡಿ. ಒಟ್ಟು 21 ಅಂತ ಬರುತ್ತದೆ! ಫಾರಂನಲ್ಲಿ ಬರೆದ ಅಂಕಿ ಜಾವಾಸ್ಕ್ರಿಪ್ಟ್‌ಗೆ ಬರೀ ಅಕ್ಷರ. ಅದನ್ನು ಸಂಖ್ಯೆಯಾಗಿ ಬದಲಿಸದಿದ್ದರೆ 2ರ ಪಕ್ಕ 1 ಅಂಟಿಕೊಳ್ಳುತ್ತದೆ. ಈ ತಪ್ಪನ್ನು ನೀವೇ ಮಾಡಿ, ನೀವೇ ಹುಡುಕಿ ಸರಿಪಡಿಸಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಆಮೇಲೆ ಫೋಟೋ. ಮೊಬೈಲಲ್ಲಿ ತೆಗೆದ 5 ಎಂಬಿ ಫೋಟೋವನ್ನು ಹಾಗೇ ಹಾಕಿ, ಪುಟವನ್ನು ನೆಟ್‌ಗೆ ಏರಿಸಿ, ಕ್ರೋಮ್‌ನಲ್ಲಿ ಎಫ್12 ಒತ್ತಿ (ಪುಟದ ಒಳಗನ್ನು ತೋರಿಸುವ ಡೆವಲಪರ್ ಟೂಲ್ಸ್ ತೆರೆಯುತ್ತದೆ), ನೆಟ್‌ವರ್ಕ್ ಭಾಗದಲ್ಲಿ ವೇಗ ಕಡಿಮೆ ಮಾಡಿ ಪುಟ ತೆರೆಯಿರಿ. ಸೆಕೆಂಡಿಗೆ 400 ಕಿಲೋಬಿಟ್, ಅಂದರೆ 50 ಕೆಬಿ ಸಿಕ್ಕರೆ ಆ ಒಂದು ಫೋಟೋ ಇಳಿಯಲು 100 ಸೆಕೆಂಡ್ ಬೇಕು. ಅದನ್ನೇ ಚಿಕ್ಕದು ಮಾಡಿ 150 ಕೆಬಿಗೆ ಇಳಿಸಿದರೆ ಮೂರೇ ಸೆಕೆಂಡ್. ಜೋರು ಮಳೆಯಲ್ಲಿ ದಾರಿ ಬದಿ ಕಾರು ನಿಲ್ಲಿಸಿ, ಒಂದು ಕಡ್ಡಿ ಸಿಗ್ನಲ್‌ನಲ್ಲಿ ನಿಮ್ಮ ಮನೆ ದಾರಿ ಹುಡುಕುವವರು ನಿಮ್ಮ ಓದುಗರು. ಈ ಕಾಳಜಿ ಬೆಳೆಸಿಕೊಂಡವರು ನನ್ನ ಜೊತೆ ಕೆಲಸಕ್ಕೆ ಬೇಕು ಅಂತ ನಾನು ಯಾವಾಗಲೂ ಹುಡುಕುತ್ತಿರುತ್ತೇನೆ.

ನೆಟ್ ಬಗ್ಗೆ ಚಿಂತೆ ಬೇಡ. ಈ ಮೂರನ್ನು ಬರೆಯಲು, ಬ್ರೌಸರ್‌ನಲ್ಲಿ ತೆರೆದು ನೋಡಲು ನೆಟ್ ಬೇಡವೇ ಬೇಡ. ಸಿಗ್ನಲ್ ಇದ್ದ ದಿನ ಡೆವ್‌ಡಾಕ್ಸ್ ತಾಣದಲ್ಲಿ ಈ ಮೂರರ ಕೈಪಿಡಿಯನ್ನು ಆಫ್‌ಲೈನ್ ಓದಲು ಉಳಿಸಿಕೊಳ್ಳಿ. ಅದು ಉಚಿತ. ಕರೆಂಟ್ ಇದ್ದಾಗ ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಂಡರೆ ಆಯ್ತು.

ಪುಟ ತಯಾರಾದ ಮೇಲೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಕಲಿಯಿರಿ, ಒಂದು ವಾರ ಸಾಕು. ಮುಂದಿನದು ನೀವು ಎಲ್ಲಿ ಇರಬೇಕು ಅನ್ನುವುದರ ಮೇಲೆ ನಿಂತಿದೆ. ಮೈಸೂರು, ಬೆಂಗಳೂರಲ್ಲಿ ಕೆಲಸಕ್ಕೆ ಸೇರುವ ಮನಸ್ಸಿದ್ದರೆ ಅಲ್ಲಿನ ಇಪ್ಪತ್ತು ಕೆಲಸದ ಜಾಹೀರಾತು ಓದಿ. ರಿಯಾಕ್ಟ್, ಆಂಗ್ಯುಲರ್‌ಗಳಲ್ಲಿ ಯಾವುದು ಜಾಸ್ತಿ ಕಾಣುತ್ತದೋ ಅದನ್ನು ಹಿಡಿಯಿರಿ. ಎರಡೂ ಒಟ್ಟಿಗೆ ಬೇಡ. ಬುಕಿಂಗ್‌ನಂಥ ಮಾಹಿತಿ ಪಡೆದು ಇಡುವ ಸರ್ವರ್ ಕಡೆಗೆ ನೋಡ್ ಎಂಬ ಸಾಧನ ಸುಲಭ, ಅಲ್ಲೂ ಜಾವಾಸ್ಕ್ರಿಪ್ಟೇ. ಪೈಥಾನ್ ಒಳ್ಳೆಯ ಭಾಷೆ, ಆದರೆ ಬ್ರೌಸರ್ ಒಳಗಿನ ಕೆಲಸಕ್ಕೆ ಜಾವಾಸ್ಕ್ರಿಪ್ಟ್ ಬೇಕೇ ಬೇಕು. ಊರಲ್ಲೇ ಇದ್ದು ಮಡಿಕೇರಿ, ಕುಶಾಲನಗರದ ಹೋಂಸ್ಟೇ, ಅಂಗಡಿಗಳಿಗೆ ಸೈಟ್ ಮಾಡಿಕೊಡುವ ಆಸೆ ಇದ್ದರೆ ಸಿದ್ಧ ಸೈಟ್ ತಂತ್ರಾಂಶ ವರ್ಡ್‌ಪ್ರೆಸ್, ಅದನ್ನು ಬರೆದ ಭಾಷೆ ಪಿಎಚ್‌ಪಿ ಸ್ವಲ್ಪ ಕಲಿಯಿರಿ. ಅಂಥ ಗಿರಾಕಿಗಳು ಬೆಲೆಯನ್ನು ತಾವೇ ಬದಲಿಸಿಕೊಳ್ಳಲು ಬಯಸುತ್ತಾರೆ, ವರ್ಡ್‌ಪ್ರೆಸ್‌ನಲ್ಲಿ ಅದು ಸಲೀಸು. ಯಾವ ದಾರಿ ಹಿಡಿದರೂ ಟೇಬಲ್‌ಗಳಲ್ಲಿಟ್ಟ ಮಾಹಿತಿಯನ್ನು ಹುಡುಕುವ, ತಿದ್ದುವ ಭಾಷೆ ಎಸ್‌ಕ್ಯೂಎಲ್ ಬಿಡಬೇಡಿ. ಬಿ.ಕಾಂ. ಓದಿದವರಿಗೆ ಲೆಕ್ಕದ ಪುಸ್ತಕದ ಅಭ್ಯಾಸ ಇರುತ್ತದೆ, ಟೇಬಲ್‌ಗಳು ಬೇಗ ತಲೆಗೆ ಹತ್ತುತ್ತವೆ.

ಅಷ್ಟಾದ ಮೇಲೂ ಕೋರ್ಸ್ ಬೇಕು ಅನಿಸಿದರೆ, ಕಟ್ಟುವ ಮೊದಲು ಅಲ್ಲಿ ಕಲಿತವರು ಮಾಡಿದ ಮೂರು ಸೈಟ್ ತೋರಿಸಲು ಕೇಳಿ. ಅವನ್ನು ಎಫ್12 ಒತ್ತಿ ನೋಡುವುದು ಆಗ ನಿಮಗೇ ಗೊತ್ತಿರುತ್ತದೆ.