ಹಲ್ಲಿನ ಕ್ಯಾಪ್: ಜಿರ್ಕೋನಿಯಾವೋ, ಇ-ಮ್ಯಾಕ್ಸೋ?

ಪ್ರಶ್ನೆ: ಕೆಳದವಡೆಯ ಕೊನೆಯ ಹಲ್ಲಿಗೆ ರೂಟ್ ಕೆನಾಲ್ ಆಗಿದೆ. ವೈದ್ಯರು ಜಿರ್ಕೋನಿಯಾ ಕ್ಯಾಪ್ ಎನ್ನುತ್ತಾರೆ, ಭಾವ ಇ-ಮ್ಯಾಕ್ಸ್ ಹಾಕಿಸು ಎನ್ನುತ್ತಾರೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆ, ಊಟದ ಮೇಲೆ ಎಲೆಯಡಿಕೆಯೂ ಬೇಕು. ಜಿರ್ಕೋನಿಯಾ ಅಷ್ಟು ಗಟ್ಟಿಯಾದರೆ ಎದುರಿನ ಹಲ್ಲು ಸವೆಯದೇ?
– ಓದುಗರೊಬ್ಬರು, ಅಂಬಲಪಾಡಿ, ಉಡುಪಿ

ಉತ್ತರ: ವೈದ್ಯರ ಮಾತೇ ಸರಿ. ಇ-ಮ್ಯಾಕ್ಸ್ ಎಂದು ಕರೆಯುವುದು ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನಂಶದ ಸೆರಾಮಿಕ್. ಅದು ಬಾಗಿ ಮುರಿಯುವ ಮಟ್ಟ ಸುಮಾರು 400 ಮೆಗಾಪಾಸ್ಕಲ್ (ಒತ್ತಡದ ಅಳತೆ). ಜಿರ್ಕೋನಿಯಾ ಗಾಜಿಲ್ಲದ ಸೆರಾಮಿಕ್; ದವಡೆ ಹಲ್ಲಿಗೆ ಬಳಸುವ ಬಗೆಯದ್ದು 1000ದ ಆಸುಪಾಸು. ಅದಕ್ಕಿಂತ ಮುಖ್ಯವಾದದ್ದು ಜಾಗ. ಕೊನೆಯ ಹಲ್ಲು ಗಿಡ್ಡ, ಮೇಲಿನ ಹಲ್ಲು ಅದಕ್ಕೆ ತಾಗುವಷ್ಟು ಹತ್ತಿರ. ಇ-ಮ್ಯಾಕ್ಸ್‌ಗೆ ಮೇಲ್ಭಾಗದಲ್ಲಿ ಒಂದೂವರೆ ಮಿಲಿಮೀಟರಿನಷ್ಟು ದಪ್ಪ ಬೇಕು. ಜಿರ್ಕೋನಿಯಾಕ್ಕೆ ಒಂದು ಮಿಲಿಮೀಟರ್ ಸಾಕು. ಆ ಅರ್ಧ ಮಿಲಿಮೀಟರಿಗಾಗಿ ಈಗಾಗಲೇ ಟೊಳ್ಳಾದ ಹಲ್ಲನ್ನು ಇನ್ನಷ್ಟು ಕೊರೆಯುವುದು ನಷ್ಟದ ವ್ಯಾಪಾರ.

ಆದರೆ ಜಿರ್ಕೋನಿಯಾ ಎಂದಾಕ್ಷಣ ಎಲ್ಲವೂ ಒಂದೇ ಅಲ್ಲ. ಅದರಲ್ಲಿ ಸೇರಿಸುವ ಯಿಟ್ರಿಯಾ ಎಂಬ ಆಕ್ಸೈಡ್ ಶೇ 3 (ಮೋಲ್ ಲೆಕ್ಕದಲ್ಲಿ) ಇದ್ದರೆ, ಬಿರುಕು ಹರಿಯತೊಡಗಿದಲ್ಲಿ ಹರಳುಗಳು ರೂಪ ಬದಲಿಸಿ ಉಬ್ಬಿ, ಬಿರುಕನ್ನು ಒತ್ತಿ ನಿಲ್ಲಿಸುತ್ತವೆ. ಶೇ 5ಕ್ಕೆ ಏರಿಸಿದರೆ ಪಾರದರ್ಶಕತೆ ಹೆಚ್ಚಿ ಚೆಂದ ಕಾಣುತ್ತದೆ, ಈ ಗುಣ ಬಹುತೇಕ ಹೋಗುತ್ತದೆ, ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ನಿಮಗೆ ಬೇಕಾದದ್ದು ಶೇ 3ರದು, ಅದೂ ಮೇಲೆ ಪೋರ್ಸಲೀನ್ ಪದರವಿಲ್ಲದ ಇಡಿಯಾದ ಕ್ಯಾಪ್. ಪದರ ಹಚ್ಚಿದ್ದರಲ್ಲಿ ಸಿಡಿಯುವುದು ಒಳಗಿನ ಜಿರ್ಕೋನಿಯಾ ಅಲ್ಲ, ಮೇಲಿನ ಪೋರ್ಸಲೀನು.

ಎದುರಿನ ಹಲ್ಲನ್ನು ತಿನ್ನುವುದು ಗಟ್ಟಿತನವಲ್ಲ, ಒರಟುತನ. ಕನ್ನಡಿಯಂತೆ ಪಾಲಿಶ್ ಆದ ಜಿರ್ಕೋನಿಯಾ ಎನಾಮಲ್ಲನ್ನು ಹೆಚ್ಚು ಸವೆಸುವುದಿಲ್ಲ. ತೊಂದರೆಯಾಗುವುದು ಕ್ಯಾಪ್ ಕೂರಿಸಿದ ಮೇಲೆ 'ಎತ್ತರ ಆಯ್ತು' ಎಂದು ಉಜ್ಜಿ, ಮತ್ತೆ ಪಾಲಿಶ್ ಮಾಡದೆ ಕಳಿಸಿದಾಗ. ನಾಲಿಗೆಗೆ ಒರಟು ತಾಗಿದರೆ ಆ ಹೊತ್ತಿಗೇ ಹೇಳಿ. ರಾತ್ರಿಗೆ ನೈಟ್ ಗಾರ್ಡ್ (ಹಲ್ಲಿನ ಮೇಲೆ ತೊಡುವ ರಕ್ಷಾಕವಚ) ಬೇಕು. ಅಡಿಕೆಯ ತುಂಡಿಗೂ ಕುಚ್ಚಲಕ್ಕಿಯಲ್ಲಿ ಉಳಿದ ಕಲ್ಲಿಗೂ ಈ ಕ್ಯಾಪ್ ಜಗ್ಗಲಿಕ್ಕಿಲ್ಲ, ಅಕ್ಕಪಕ್ಕದ ನಿಮ್ಮ ಸ್ವಂತ ಹಲ್ಲುಗಳ ಬಗ್ಗೆ ಆ ಮಾತು ಹೇಳಲಾಗದು.

ಪ್ರಶ್ನೆ: ಪೆಟ್ಟು ಬಿದ್ದು ಮೇಲಿನ ಮುಂಭಾಗದ ಹಲ್ಲು ಕಪ್ಪಾಗಿದೆ. ಒಳಗೆ ಲೋಹದ ಪೋಸ್ಟ್ (ಬೇರಿನೊಳಗೆ ಕೂರಿಸುವ ಕಡ್ಡಿ) ಇದೆ. ಇ-ಮ್ಯಾಕ್ಸ್ ಹಾಕಿಸಿದರೆ ಪಕ್ಕದ ಹಲ್ಲಿನ ಬಣ್ಣ ಬರುತ್ತದೆಯೇ?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಯಾವ ಇ-ಮ್ಯಾಕ್ಸ್ ಎಂಬುದರ ಮೇಲಿದೆ. ಬೆಳಕು ಸಲೀಸಾಗಿ ದಾಟುವ ಬಗೆಯಾದರೆ ಅಡಿಯ ಕಪ್ಪು, ಲೋಹದ ಬೂದಿ ಬಣ್ಣ ಎರಡೂ ಇಣುಕುತ್ತವೆ. ಹೆಚ್ಚು ಅಪಾರದರ್ಶಕವಾದ ಒಳಪದರ ಮಾಡಿ, ಅದರ ಮೇಲೆ ಪೋರ್ಸಲೀನ್ ಪದರ ಕೊಡುವಂತೆ ಲ್ಯಾಬ್‌ಗೆ ಬರೆಯಬೇಕು. ಕೊರೆದ ಹಲ್ಲಿನ ಬಣ್ಣವನ್ನೂ ಶೇಡ್ ಗೈಡ್ (ಹಲ್ಲಿನ ಬಣ್ಣಗಳ ಮಾದರಿ ಪಟ್ಟಿ) ಪಕ್ಕದಲ್ಲಿಟ್ಟು ಫೋಟೋ ತೆಗೆದು ಕಳಿಸಬೇಕು. ಇದನ್ನು ಬಿಟ್ಟರೆ ಲ್ಯಾಬಿನವರದ್ದು ಕತ್ತಲೆಯ ಕೆಲಸ. ಪಕ್ಕದ ಹಲ್ಲಿನ ಬಣ್ಣ ನೋಡುವುದು ಕೊರೆಯುವುದಕ್ಕೂ ಮೊದಲು: ಬಾಯಿ ತೆರೆದಿಟ್ಟು ಒಣಗಿದ ಹಲ್ಲು ಇದ್ದುದಕ್ಕಿಂತ ಬಿಳಿಯಾಗಿ ಕಾಣುತ್ತದೆ. ಹಗಲು ಬೆಳಕಿನಲ್ಲಿ ನೋಡಿಸಿಕೊಳ್ಳಿ. ಆಟಿ ತಿಂಗಳ ಮೋಡದ ಸಂಜೆಯನ್ನು ಇದಕ್ಕೆ ಆರಿಸಬೇಡಿ.

ಪ್ರಶ್ನೆ: ಇ-ಮ್ಯಾಕ್ಸ್‌ಗೆ ಮಾಡುವಂತೆಯೇ ಹೈಡ್ರೋಫ್ಲೋರಿಕ್ ಆಮ್ಲ, ಸೈಲೇನ್ (ಗಾಜಿಗೆ ಸಿಮೆಂಟು ಹಿಡಿಯುವಂತೆ ಮಾಡುವ ದ್ರವ) ಹಚ್ಚಿ ಜಿರ್ಕೋನಿಯಾ ಕ್ಯಾಪ್ ಅಂಟಿಸಿದೆ. ಎರಡು ಸಲ ಕಳಚಿತು. ಏಕೆ?
– ದಂತವೈದ್ಯ ವಿದ್ಯಾರ್ಥಿನಿ, ದೇರಳಕಟ್ಟೆ

ಉತ್ತರ: ಆ ಆಮ್ಲ ತಿನ್ನುವುದು ಗಾಜನ್ನು. ಇ-ಮ್ಯಾಕ್ಸ್‌ನಲ್ಲಿ ಗಾಜಿದೆ, ಹಾಗಾಗಿ ಶೇ 5ರ ಆಮ್ಲಕ್ಕೆ 20 ಸೆಕೆಂಡಿನಲ್ಲಿ ಒಳಮೈ ಒರಟಾಗುತ್ತದೆ. ಜಿರ್ಕೋನಿಯಾದಲ್ಲಿ ಗಾಜೇ ಇಲ್ಲ, ಸೈಲೇನ್‌ಗೂ ಹಿಡಿಯಲು ಸಿಲಿಕಾ ಇಲ್ಲ. ಒಳಮೈಗೆ 50 ಮೈಕ್ರಾನಿನ ಅಲ್ಯುಮಿನಾ ಪುಡಿಯನ್ನು 1ರಿಂದ 2 ಬಾರ್ ಒತ್ತಡದಲ್ಲಿ ಊದಿ, ಎಂಡಿಪಿ (ಜಿರ್ಕೋನಿಯಾವನ್ನು ಹಿಡಿಯುವ ಫಾಸ್ಫೇಟ್ ಅಣು) ಇರುವ ಪ್ರೈಮರ್ ಹಚ್ಚಿ, ರೆಸಿನ್ ಸಿಮೆಂಟಿನಲ್ಲಿ ಅಂಟಿಸಿ. ಶೇ 5 ಯಿಟ್ರಿಯಾದ ಜಿರ್ಕೋನಿಯಾವಾದರೆ ಒತ್ತಡ ಒಂದು ಬಾರ್‌ನಲ್ಲೇ ಇರಲಿ.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಬಾಯಲ್ಲಿಟ್ಟು ಅಳತೆ ನೋಡಿದಾಗ ಎಂಜಲಿನ ಫಾಸ್ಫೇಟು ಒಳಮೈಗೆ ಅಂಟುತ್ತದೆ, ಎಂಡಿಪಿಗೆ ಜಾಗ ಉಳಿಯುವುದಿಲ್ಲ. ಫಾಸ್ಫಾರಿಕ್ ಆಮ್ಲದಲ್ಲಿ ತೊಳೆದರೆ ಇನ್ನಷ್ಟು ಫಾಸ್ಫೇಟು ಸೇರಿಸಿದಂತೆ. ಅಳತೆ ನೋಡಿ ಮುಗಿದ ಮೇಲೆಯೇ ಪುಡಿ ಊದಿ, ಇಲ್ಲವೇ ಜಿರ್ಕೋನಿಯಾಕ್ಕೆಂದೇ ಬರುವ ಶುಚಿಕಾರಕ ಪೇಸ್ಟ್ ಬಳಸಿ. ಇಷ್ಟಾದರೂ ಕಳಚಿದರೆ ಸಿಮೆಂಟನ್ನು ಬಿಟ್ಟು ಕೊರೆತವನ್ನು ನೋಡಿ: ದವಡೆ ಹಲ್ಲಿನ ಎತ್ತರ 4 ಮಿಲಿಮೀಟರಿಗಿಂತ ಕಡಿಮೆಯಿದೆಯೇ, ಗೋಡೆಗಳು ಮಿತಿಮೀರಿ ಇಳಿಜಾರಾಗಿವೆಯೇ ಎಂದು.